ವಾರಕ್ಕೊಂದು ಕಾಸು: ಧನ್ಯೆ ಪೌಲಿನ್ ಜಾರಿಕೊ ಅವರ ಜೀವನ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಹಿಂದಿನ ಭಾನುವಾರವನ್ನು ಕಥೋಲಿಕ ಧರ್ಮಸಭೆಯು ಜಗತ್ತಿನಾದ್ಯಂತ ಮಿಷನ್ ಭಾನುವಾರವೆಂದು ಆಚರಿಸುತ್ತದೆ. ಅಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ಬಳಿಕ ದೇವಾಲಯದ ಅಂಗಳವೇ ಒಂದು ಸಂತೆಯಾಗುತ್ತದೆ. ಹಿತ್ತಿಲಿನ ಬಾಳೆಗೊನೆ, ತೆಂಗಿನಕಾಯಿ, ತರಕಾರಿ, ಮನೆಯಲ್ಲಿ ಮಾಡಿದ ತಿಂಡಿತಿನಿಸುಗಳು ಹರಾಜಿಗೆ ಬರುತ್ತವೆ. ಮಕ್ಕಳು ಕೂಡಿಟ್ಟ ಚಿಲ್ಲರೆಯನ್ನು ತಂದು ಕಾಣಿಕೆ ಪೆಟ್ಟಿಗೆಗೆ ಹಾಕುತ್ತಾರೆ. ಹೀಗೆ ಸಂಗ್ರಹವಾದ ಹಣವು ನಾವು ಹೆಸರನ್ನೂ ಕೇಳಿರದ ದೂರದ ಊರುಗಳ ಬಡ ಮಕ್ಕಳಿಗೆ, ಅನಾಥರಿಗೆ, ರೋಗಿಗಳಿಗೆ ತಲುಪುತ್ತದೆ.

ಈ ಏರ್ಪಾಡಿನ ಬೇರನ್ನು ಹುಡುಕುತ್ತ ಹೋದರೆ ನಾವು ಫ್ರಾನ್ಸ್ ದೇಶದ ಲಿಯೋನ್ ನಗರವನ್ನು ತಲುಪುತ್ತೇವೆ. ಅಲ್ಲಿ ನಮಗೆ ಎದುರಾಗುವವರು ಧರ್ಮಾಧ್ಯಕ್ಷರಲ್ಲ, ಗುರುಗಳಲ್ಲ, ಮಠದ ಧರ್ಮಭಗಿನಿಯೂ ಅಲ್ಲ. ಅವರು ಇಪ್ಪತ್ತರ ಹರೆಯದ ಶ್ರೀಸಾಮಾನ್ಯ ವಿಶ್ವಾಸಿ, ರೇಷ್ಮೆ ವ್ಯಾಪಾರಿಯೊಬ್ಬರ ಮಗಳು ಪೌಲಿನ್ ಮರಿ ಜಾರಿಕೊ. ದೂರದೇಶದ ಬಡವರಿಗಾಗಿ ಕಾಸಿಗೆ ಕಾಸು ಕೂಡಿಸುವ ದಾರಿಯನ್ನು ಜಗತ್ತಿಗೆ ತೋರಿದ ಈ ಮಹಿಳೆ ತಮ್ಮ ಇಳಿವಯಸ್ಸಿನಲ್ಲಿ ತಮ್ಮದೇ ಊರಿನ ಬಡವರ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳಬೇಕಾಯಿತು. ಅವರ ಬದುಕು ನಮ್ಮ ದಾನಧರ್ಮಗಳ ಕುರಿತು ನಾವು ಆಲೋಚಿಸುವಂತೆ ಮಾಡುತ್ತದೆ.

ರೇಷ್ಮೆಯ ಮನೆಯ ಮಗಳು

ಪೌಲಿನ್ ಜನಿಸಿದ್ದು 1799ರ ಜುಲೈ 22ರಂದು. ಅಂತ್ವಾನ್ ಜಾರಿಕೊ ಮತ್ತು ಜೇನ್ ಲಾತಿಯೆ ದಂಪತಿಗಳ ಏಳು ಮಕ್ಕಳಲ್ಲಿ ಆಕೆಯೇ ಕೊನೆಯವಳು. ಫ್ರಾನ್ಸಿನ ಮಹಾಕ್ರಾಂತಿಯ ಬಿರುಗಾಳಿ ಇನ್ನೂ ಪೂರ್ಣವಾಗಿ ಅಡಗಿರಲಿಲ್ಲ. ಧರ್ಮಸಭೆಯ ಆಸ್ತಿಪಾಸ್ತಿ ಹೋಗಿತ್ತು, ಗುರುಗಳು ಚದುರಿದ್ದರು, ಮಠಗಳು ಮುಚ್ಚಿದ್ದವು. ಆದರೂ ಜಾರಿಕೊ ಮನೆಯಲ್ಲಿ ಭಕ್ತಿಯೂ ಇತ್ತು, ಸಿರಿಯೂ ಇತ್ತು. ರೋನ್ ಮತ್ತು ಸೋನ್ ನದಿಗಳು ಕೂಡುವ ಲಿಯೋನ್ ನಗರದ ರೇಷ್ಮೆ ಬಟ್ಟೆಗೆ ಯೂರೋಪಿನ ಅರಮನೆಗಳಲ್ಲೆಲ್ಲ ಬೇಡಿಕೆಯಿದ್ದ ಕಾಲವದು.

ಚೆಲುವೆಯೂ ಚುರುಕು ಬುದ್ಧಿಯವಳೂ ಆದ ಬಾಲೆ ಎಲ್ಲರ ಮುದ್ದಿನಲ್ಲಿ ಬೆಳೆದಳು. ಹದಿನೈದರ ವಯಸ್ಸಿಗೆ ಒಳ್ಳೆಯ ಉಡುಪು, ಒಡವೆ, ಔತಣಕೂಟಗಳೆಂದರೆ ಆಕೆಗೆ ಆಸೆ. ಆದರೆ 1814ರಲ್ಲಿ ಎತ್ತರದ ಪೀಠವೊಂದರಿಂದ ಬಿದ್ದು ಕಠಿಣವಾಗಿ ಅಸ್ವಸ್ಥಳಾದಳು. ಮಾತು ಮತ್ತು ನಡಿಗೆ ಎರಡೂ ಕಷ್ಟವಾದವು. ಅದೇ ವರ್ಷದ ನವೆಂಬರಿನಲ್ಲಿ ತಾಯಿ ತೀರಿಕೊಂಡರು. ತಿಂಗಳುಗಳ ನಂತರ ಪೌಲಿನ್ ಚೇತರಿಸಿಕೊಂಡಳು. ಸುಖದ ಬದುಕು ಎಷ್ಟು ಬೇಗ ಕುಸಿಯಬಲ್ಲುದೆಂಬ ಅರಿವು ಮಾತ್ರ ಮನಸ್ಸಿನಲ್ಲಿ ಉಳಿಯಿತು.

1816ರ ತಪಸ್ಸುಕಾಲದಲ್ಲಿ ಸಂತ ನಿಜಿಯೆ ದೇವಾಲಯದಲ್ಲಿ ವುರ್ಟ್ಸ್ ಎಂಬ ಗುರುಗಳು ಆಡಂಬರದ ಕುರಿತು ಪ್ರಬೋಧನೆ ಮಾಡಿದರು. ಅದು ಆ ಹದಿನಾರರ ಹುಡುಗಿಯ ಎದೆಗೆ ನಾಟಿತು. ರೇಷ್ಮೆಯ ಉಡುಪುಗಳನ್ನು ತೊರೆದು ಕೂಲಿ ಹೆಂಗಸರು ತೊಡುವಂಥ ಒರಟು ಬಟ್ಟೆ ತೊಟ್ಟಳು. ಆಸ್ಪತ್ರೆಗಳಿಗೆ ಹೋಗಿ ರೋಗಿಗಳ ಹುಣ್ಣು ತೊಳೆಯತೊಡಗಿದಳು. ಅದೇ ವರ್ಷದ ಕ್ರಿಸ್ತಜಯಂತಿಯಂದು ಫೂರ್ವಿಯೆರ್ ಬೆಟ್ಟದ ಮೇಲಿನ ಮಾತೆ ಮರಿಯಮ್ಮನವರ ಗುಡಿಯಲ್ಲಿ ಆಜೀವ ಕನ್ಯಾವ್ರತ ಸ್ವೀಕರಿಸಿದಳು. ಆದರೆ ಯಾವ ಮಠವನ್ನೂ ಸೇರಲಿಲ್ಲ. ಲೋಕದ ನಡುವೆಯೇ ಇದ್ದು ದೇವರ ಕೆಲಸ ಮಾಡುವುದು ತನ್ನ ಕರೆಯೆಂದು ಆಕೆ ನಂಬಿದಳು.

ಹತ್ತು ಜನರ ಗುಂಪು

ಪೌಲಿನ್ ಅವರ ಅಣ್ಣ ಫಿಲೆಯಾಸ್ ಗುರುದೀಕ್ಷೆಗಾಗಿ ಪ್ಯಾರಿಸಿನ ಸೈಂಟ್ ಸುಲ್ಪಿಸ್ ಗುರುಮಠದಲ್ಲಿ ಓದುತ್ತಿದ್ದರು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ದುಃಸ್ಥಿತಿಯನ್ನು ಅವರು ತಂಗಿಗೆ ಪತ್ರಗಳಲ್ಲಿ ತಿಳಿಸುತ್ತಿದ್ದರು. ಪೂರ್ವದೇಶಗಳಲ್ಲಿ ದುಡಿಯುತ್ತಿದ್ದ ಗುರುಗಳು ಮುಪ್ಪಿನಿಂದಲೋ ರೋಗದಿಂದಲೋ ಸಾಯುತ್ತಿದ್ದರು. ಅವರ ಸ್ಥಾನಕ್ಕೆ ಹೊಸಬರನ್ನು ಕಳುಹಿಸಲು ಹಡಗಿನ ಖರ್ಚಿಗೂ ಹಣವಿರಲಿಲ್ಲ.

ಈ ಸಂಸ್ಥೆ ಕನ್ನಡ ನಾಡಿಗೆ ಅಪರಿಚಿತವಾದುದಲ್ಲ. ಪೌಲಿನ್ ಹುಟ್ಟಿದ 1799ರಲ್ಲಿಯೇ ಶ್ರೀರಂಗಪಟ್ಟಣವು ಪತನಗೊಂಡಿತು. ಆ ಬಳಿಕ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಅಬ್ಬೆ ದ್ಯುಬುವಾ ಅವರು ಇದೇ ಸಂಸ್ಥೆಯ ಗುರುಗಳು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಕಲ್ಪಿಸಿದವರು, ಸಿಡುಬಿನ ವಿರುದ್ಧ ದಾಕು ಹಾಕುವ ಕಾರ್ಯವನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಿದವರು ಅವರು. ಅಂಥ ಕೈಗಳು ಬರಿದಾಗದಂತೆ ನೋಡಿಕೊಳ್ಳಬೇಕೆಂಬ ಚಿಂತೆ ಲಿಯೋನಿನ ಆ ತರುಣಿಯನ್ನು ಕಾಡತೊಡಗಿತು.

ಶ್ರೀಮಂತರ ಮನೆಬಾಗಿಲಿಗೆ ಹೋಗಿ ದೊಡ್ಡ ಮೊತ್ತ ಬೇಡುವುದು ಅಂದಿನ ವಾಡಿಕೆ. ಪೌಲಿನ್ ಹಿಡಿದ ದಾರಿ ಬೇರೆ. ಸೈಂಟ್ ವಾಲಿಯೆ ಎಂಬ ಊರಿನಲ್ಲಿ ಅವರ ಅಕ್ಕಭಾವಂದಿರ ರೇಷ್ಮೆ ಕಾರ್ಖಾನೆಯಿತ್ತು. ಅಲ್ಲಿ ದುಡಿಯುವ ಹುಡುಗಿಯರನ್ನು ಅವರು ಪ್ರಾರ್ಥನೆಯ ಬಳಗವಾಗಿ ಕೂಡಿಸಿದ್ದರು. ಆ ಹುಡುಗಿಯರಿಂದಲೇ ವಾರಕ್ಕೊಂದು ಸೂ ಸಂಗ್ರಹಿಸಲು ಆರಂಭಿಸಿದರು. ಸೂ ಎಂದರೆ ಒಂದು ಫ್ರಾಂಕಿನ ಇಪ್ಪತ್ತರಲ್ಲಿ ಒಂದು ಭಾಗ. ನಮ್ಮ ಹಿರಿಯರ ಕಾಲದ ಕಾಸಿನಂತೆ ಕೂಲಿಯವರ ಕೈಯಲ್ಲಿಯೂ ಇರುತ್ತಿದ್ದ ಚಿಕ್ಕ ನಾಣ್ಯ.

1819ರ ಶರತ್ಕಾಲದ ಒಂದು ಸಂಜೆ ಮನೆಯವರು ಇಸ್ಪೀಟು ಆಡುತ್ತಿದ್ದಾಗ, ಒಲೆಯ ಬಳಿ ಕುಳಿತಿದ್ದ ಪೌಲಿನ್ ಅವರಿಗೆ ಒಂದು ಯೋಜನೆ ಹೊಳೆಯಿತು. ಕೈಗೆ ಸಿಕ್ಕ ಇಸ್ಪೀಟಿನ ಎಲೆಯೊಂದರ ಮೇಲೆ ಅದನ್ನು ಬರೆದಿಟ್ಟುಕೊಂಡುದಾಗಿ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಒಬ್ಬರು ಹತ್ತು ಜನರನ್ನು ಹುಡುಕಬೇಕು. ಆ ಹತ್ತು ಜನರು ದಿನವೂ ಪ್ರಾರ್ಥಿಸಿ, ವಾರಕ್ಕೊಂದು ಸೂ ಕೊಡಬೇಕು. ಅಂಥ ಹತ್ತು ಗುಂಪುಗಳಿಗೆ ನೂರರ ಮುಖ್ಯಸ್ಥರೊಬ್ಬರು, ಹತ್ತು ನೂರುಗಳಿಗೆ ಸಾವಿರದ ಮುಖ್ಯಸ್ಥರೊಬ್ಬರು. ಹಣವು ಕೆಳಗಿನಿಂದ ಮೇಲಕ್ಕೆ ಹರಿದು ಒಂದೇ ಕಡೆ ಸೇರಬೇಕು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನಾವು ಹೇಳುವುದನ್ನೇ ಆಕೆ ಲೆಕ್ಕದ ಪುಸ್ತಕದಂತೆ ಅಚ್ಚುಕಟ್ಟಾಗಿ ಜೋಡಿಸಿದರು.

ಈ ಯೋಜನೆಯ ಬಲ ಹಣಕ್ಕಿಂತ ಹೆಚ್ಚಾಗಿ ಜನರಲ್ಲಿತ್ತು. ವರ್ಷಕ್ಕೊಮ್ಮೆ ಕೊಟ್ಟು ಮರೆಯುವ ದಾನ ಇದಾಗಿರಲಿಲ್ಲ. ವಾರವಾರವೂ ಒಬ್ಬರು ಇನ್ನೊಬ್ಬರ ಮನೆಗೆ ಹೋಗಬೇಕು, ಮಾತನಾಡಬೇಕು, ಕೂಡಿ ಪ್ರಾರ್ಥಿಸಬೇಕು. ಮುಂದೆ ಮಿಷನರಿಗಳ ಪತ್ರಗಳನ್ನು ಅಚ್ಚು ಹಾಕಿಸಿ ಪ್ರತಿ ಹತ್ತು ಜನರಿಗೆ ಒಂದು ಪ್ರತಿಯಂತೆ ಹಂಚಿದಾಗ, ಆ ಪುಸ್ತಿಕೆ ಕೈಯಿಂದ ಕೈಗೆ ದಾಟಿ ದೂರದ ಜನರ ಕಷ್ಟಸುಖಗಳು ಬಡ ನೇಕಾರರ ಮನೆಯ ಮಾತುಕತೆಯಾದವು. ಕೊಡುವವರೂ ಬಡವರು, ಪಡೆಯುವವರೂ ಬಡವರು. ವಿಧವೆಯ ಎರಡು ಕಾಸನ್ನು ಮೆಚ್ಚಿದ ಯೇಸುಸ್ವಾಮಿಯ ಶುಭಸಂದೇಶವು ಇಲ್ಲಿ ಕಾರ್ಯರೂಪಕ್ಕೆ ಬಂದಿತು.

ಹಿರಿಯರಲ್ಲಿ ಕೆಲವರು ಈ ಯುವತಿಯ ಸಾಹಸವನ್ನು ಸಂಶಯದಿಂದ ಕಂಡರು. ಆದರೂ ಕಾರ್ಯ ನಿಲ್ಲಲಿಲ್ಲ. 1822ರ ಮೇ 3ರಂದು ಲಿಯೋನಿನಲ್ಲಿ ಸೇರಿದ ಸಭೆಯೊಂದು, ಅಮೆರಿಕಕ್ಕೆ ಒಂದು ಸಂಘ, ಏಷ್ಯಾಕ್ಕೆ ಇನ್ನೊಂದು ಎಂದು ಹಂಚಿಹೋಗುವ ಬದಲು ಲೋಕದ ಎಲ್ಲ ಮಿಷನ್‌ಗಳಿಗೂ ಒಂದೇ ಸಂಘವಿರಬೇಕೆಂದು ತೀರ್ಮಾನಿಸಿತು. ವಿಶ್ವಾಸ ಪ್ರಸಾರ ಸಂಘ ಜನ್ಮ ತಾಳಿದ್ದು ಹೀಗೆ. ಅದರ ಆಡಳಿತ ಮಂಡಳಿಯಲ್ಲಿದ್ದವರೆಲ್ಲರೂ ಪುರುಷರು. ಪೌಲಿನ್ ಆ ಸಭೆಯಲ್ಲಿಯೂ ಇರಲಿಲ್ಲ. ಆದರೆ ಸಂಘವು ಬಳಸಿಕೊಂಡುದು ಅವರ ಹತ್ತರ ಗುಂಪುಗಳ ಕ್ರಮವನ್ನೇ. ಮೊದಲ ವರ್ಷ ಕೂಡಿದ್ದು ಸುಮಾರು 23 ಸಾವಿರ ಫ್ರಾಂಕ್. ಅದು ಏಷ್ಯಾದ ಮಿಷನ್‌ಗಳಿಗೂ ಅಮೆರಿಕದ ಲೂಯಿಸಿಯಾನ ಮತ್ತು ಕೆಂಟಕಿಗಳಿಗೂ ಹಂಚಿಕೆಯಾಯಿತು. ತಮಗೆ ಪದವಿ ಬೇಕೆಂದು ಪೌಲಿನ್ ಕೇಳಲಿಲ್ಲ; ಸಂಗ್ರಹದ ಕೆಲಸದಲ್ಲಿ ಎಲ್ಲರಂತೆ ತಾವೂ ಒಬ್ಬರಾಗಿ ಉಳಿದರು.

ಜಪಸರ ಮತ್ತು ಮಕ್ಕಳು

1826ರಲ್ಲಿ ಅವರು ಜೀವಂತ ಜಪಸರವೆಂಬ ಇನ್ನೊಂದು ಬಳಗವನ್ನು ಆರಂಭಿಸಿದರು. ಆಗ ಜಪಸರಕ್ಕೆ 15 ರಹಸ್ಯಗಳು. ಹದಿನೈದು ಮಂದಿ ಸೇರಿ ಒಬ್ಬೊಬ್ಬರು ದಿನಕ್ಕೊಂದು ರಹಸ್ಯವನ್ನು ಧ್ಯಾನಿಸಿದರೆ ಎಲ್ಲರೂ ಕೂಡಿ ಪೂರ್ಣ ಜಪಸರವನ್ನು ಅರ್ಪಿಸಿದಂತಾಗುತ್ತದೆ. ಬಿಡುವಿಲ್ಲದ ಕೂಲಿಕಾರನಿಗೂ ತಾಯಂದಿರಿಗೂ ಇದು ಸಾಧ್ಯವಾಗುವ ಪ್ರಾರ್ಥನೆ. ಅವರ ಮರಣದ ವೇಳೆಗೆ ಫ್ರಾನ್ಸಿನಲ್ಲಿಯೇ ಇದರ ಸದಸ್ಯರು ಇಪ್ಪತ್ತು ಲಕ್ಷವನ್ನು ಮೀರಿದ್ದರು.

1835ರಲ್ಲಿ ತೀವ್ರವಾದ ಹೃದ್ರೋಗದಿಂದ ಬಳಲುತ್ತಿದ್ದರೂ ಅವರು ಇಟಲಿಗೆ ಪ್ರಯಾಣ ಮಾಡಿದರು. ರೋಮಿನಲ್ಲಿ ಹಾಸಿಗೆ ಹಿಡಿದಿದ್ದ ಅವರನ್ನು ಜಗದ್ಗುರು 16ನೇ ಗ್ರೆಗೋರಿಯವರೇ ಬಂದು ಕಂಡರು; ಈಕೆ ಹೆಚ್ಚು ದಿನ ಬದುಕಲಾರಳೆಂದೇ ಭಾವಿಸಿದರು. ಪೌಲಿನ್ ಅಲ್ಲಿಂದ ನೇಪಲ್ಸ್ ಬಳಿಯ ಮುನ್ಯಾನೊದಲ್ಲಿರುವ ಸಂತ ಫಿಲೋಮಿನಾರ ಪುಣ್ಯಕ್ಷೇತ್ರಕ್ಕೆ ತೆರಳಿ, ಆಗಸ್ಟ್ 10ರಂದು ಗುಣ ಹೊಂದಿ ಎದ್ದು ನಡೆದರು. ಈ ಸುದ್ದಿಯಿಂದ ಸಂತ ಫಿಲೋಮಿನಾರ ಭಕ್ತಿ ಎಲ್ಲೆಡೆ ಹಬ್ಬಿತು. ಸುಮಾರು ನೂರು ವರ್ಷಗಳ ನಂತರ, 1933ರಲ್ಲಿ, ಮೈಸೂರಿನಲ್ಲಿ ಆ ಸಂತಳ ಹೆಸರಿನ ಭವ್ಯ ದೇವಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು.

1842ರಲ್ಲಿ ನಾನ್ಸಿಯ ಧರ್ಮಾಧ್ಯಕ್ಷ ಶಾರ್ಲ್ ದ ಫೋರ್ಬಿನ್ ಜಾನ್ಸನ್ ಅವರು ಲಿಯೋನಿಗೆ ಬಂದು ಪೌಲಿನ್ ಅವರನ್ನು ಕಂಡರು. ಚೀನಾ ದೇಶದಲ್ಲಿ ಬಡತನದಿಂದಾಗಿ ತ್ಯಜಿಸಲ್ಪಡುತ್ತಿದ್ದ ಶಿಶುಗಳ ಕುರಿತು ಮಿಷನರಿಗಳು ಬರೆಯುತ್ತಿದ್ದ ಪತ್ರಗಳು ಅವರ ಹೃದಯವನ್ನು ಕಲಕಿದ್ದವು. ಹಿರಿಯರು ವಾರಕ್ಕೊಂದು ಸೂ ಕೊಡುವುದಾದರೆ ಮಕ್ಕಳು ತಿಂಗಳಿಗೊಂದು ಸೂ ಏಕೆ ಕೊಡಬಾರದು? ಇಬ್ಬರ ಮಾತುಕತೆಯಿಂದ ಈ ವಿಚಾರ ಗಟ್ಟಿಯಾಯಿತು. 1843ರ ಮೇ 19ರಂದು ಪವಿತ್ರ ಬಾಲ್ಯ ಸಂಘವು ಸ್ಥಾಪನೆಯಾಯಿತು. ದಿನಕ್ಕೊಂದು ನಮೋ ಮರಿಯಾ, ತಿಂಗಳಿಗೊಂದು ಸೂ. ಮಕ್ಕಳ ಪಾಲಿಗೆ ಇಷ್ಟೇ ನಿಯಮ. ಬೀದಿಪಾಲಾದ ಶಿಶುಗಳನ್ನು ಉಳಿಸಿ, ಜ್ಞಾನಸ್ನಾನವಿತ್ತು, ಸಾಕಿ, ವಿದ್ಯೆ ಕಲಿಸುವುದು ಅದರ ಗುರಿ. ಧರ್ಮಾಧ್ಯಕ್ಷರು ಮರುವರ್ಷವೇ ನಿಧನರಾದರೂ ಸಂಘವು ಬೆಳೆಯುತ್ತಲೇ ಹೋಯಿತು. ಮಗುವೇ ಮಗುವಿಗೆ ನೆರವಾಗಬೇಕೆಂಬ ಪಾಠವನ್ನು ಅದು ಇಂದಿಗೂ ನಮ್ಮ ಮಕ್ಕಳಿಗೆ ಕಲಿಸುತ್ತಿದೆ.

ಮನೆಬಾಗಿಲಿನ ಬಡವರು

ದೂರದವರ ಚಿಂತೆಯಲ್ಲಿ ಪೌಲಿನ್ ಅವರು ನೆರೆಯವರನ್ನು ಮರೆಯಲಿಲ್ಲ. ಲಿಯೋನಿನ ರೇಷ್ಮೆ ನೇಕಾರರು ದಿನಕ್ಕೆ ಹದಿನೈದು ಗಂಟೆಗೂ ಮೀರಿ ದುಡಿದರೂ ಹೊಟ್ಟೆಗೆ ಸಾಲುತ್ತಿರಲಿಲ್ಲ. ಮಕ್ಕಳೂ ಮಗ್ಗದ ಕೆಳಗೆ ಕೆಲಸಕ್ಕಿರುತ್ತಿದ್ದರು. 1831ರಲ್ಲಿ, ಮತ್ತೆ 1834ರಲ್ಲಿ ನೇಕಾರರು ದಂಗೆಯೆದ್ದರು. ಸೈನ್ಯವು ಅವರ ಮೇಲೆ ಗುಂಡಿನ ಮಳೆಗರೆಯಿತು. ಫೂರ್ವಿಯೆರ್ ಬೆಟ್ಟದ ಮೇಲೆ ಪೌಲಿನ್ ತಮ್ಮ ಸಂಗಾತಿಗಳೊಂದಿಗೆ ವಾಸವಾಗಿದ್ದ ಲೊರೆತೊ ಎಂಬ ಮನೆಯೂ ಎರಡನೆಯ ದಂಗೆಯಲ್ಲಿ ಗುಂಡುಗಳ ನಡುವೆ ಸಿಕ್ಕಿಕೊಂಡಿತು.

ರೇಷ್ಮೆಯಿಂದಲೇ ಸಿರಿವಂತವಾದ ಮನೆಯ ಮಗಳಿಗೆ ಈ ದೃಶ್ಯ ಮರೆಯುವಂಥದಾಗಿರಲಿಲ್ಲ. ಭಿಕ್ಷೆಯಿಂದ ಬಡವನ ಒಂದು ದಿನ ಕಳೆಯಬಹುದು, ಆದರೆ ಅವನ ಸಂಸಾರ ನಿಲ್ಲಬೇಕಾದರೆ ನ್ಯಾಯವಾದ ಕೂಲಿ ಬೇಕು, ಇರಲು ಮನೆ ಬೇಕು, ಮಕ್ಕಳಿಗೆ ಶಾಲೆ ಬೇಕು ಎಂದು ಅವರು ಮನಗಂಡರು. ಕಾರ್ಮಿಕರ ಹಕ್ಕುಗಳ ಕುರಿತು ಜಗದ್ಗುರು 13ನೇ ಲಿಯೋ ಅವರು ವಿಶ್ವಪತ್ರ ಹೊರಡಿಸಿದ್ದು 1891ರಲ್ಲಿ. ಅದಕ್ಕೆ ನಾಲ್ಕು ದಶಕಗಳಿಗೂ ಹಿಂದೆ, 1845ರಲ್ಲಿ, ಪೌಲಿನ್ ಅವರು ದಕ್ಷಿಣ ಫ್ರಾನ್ಸಿನ ಆಪ್ಟ್ ಪಟ್ಟಣದ ಬಳಿಯ ರುಸ್ತ್ರೆಲ್ ಗ್ರಾಮದಲ್ಲಿ ಕಬ್ಬಿಣದ ಕಾರ್ಖಾನೆಯೊಂದನ್ನು ಕೊಂಡರು. ಕಾರ್ಮಿಕ ಕುಟುಂಬಗಳು ಗೌರವದಿಂದ ದುಡಿದು ಬಾಳುವ ಮಾದರಿ ಊರೊಂದನ್ನು ಅಲ್ಲಿ ಕಟ್ಟಬೇಕೆಂಬುದು ಅವರ ಕನಸು. ಅದಕ್ಕೆ ದೇವದೂತರ ರಾಣಿ ಮಾತೆಯ ಹೆಸರನ್ನಿಟ್ಟರು. ತಮ್ಮ ಆಸ್ತಿಯನ್ನೆಲ್ಲ ಅದರಲ್ಲಿ ತೊಡಗಿಸಿದರು. ಅವರ ಮೇಲಿನ ನಂಬಿಕೆಯಿಂದ ಅನೇಕ ಸಾಮಾನ್ಯ ಜನರೂ ತಮ್ಮ ಉಳಿತಾಯದ ಹಣವನ್ನು ಕೊಟ್ಟರು.

ಆದರೆ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡವರು ವಂಚಕರಾಗಿದ್ದರು. ಭಕ್ತಿಯ ವೇಷ ಹಾಕಿ ಬಂದು ಹಣವನ್ನು ನುಂಗಿದರು. ಕೆಲವೇ ವರ್ಷಗಳಲ್ಲಿ ಉದ್ಯಮ ದಿವಾಳಿಯಾಗಿ ಕಾರ್ಖಾನೆ ಹರಾಜಾಯಿತು. ಹೂಡಿದ ಹಣ ಕಳೆದುಕೊಂಡವರಲ್ಲಿ ಕೂಲಿಕಾರರು, ಮನೆಗೆಲಸದವರು ಸಹ ಇದ್ದರು. ಮೋಸ ಮಾಡಿದವರು ಬೇರೆಯವರಾದರೂ ಜನರು ದೂರಿದ್ದು ಪೌಲಿನ್ ಅವರನ್ನು. ಅವರು ತಪ್ಪಿಸಿಕೊಳ್ಳಲಿಲ್ಲ. ಪ್ರತಿಯೊಬ್ಬರ ಹಣವನ್ನೂ ತೀರಿಸುವುದೇ ತಮ್ಮ ಉಳಿದ ಬಾಳಿನ ಕರ್ತವ್ಯವೆಂದು ಭಾವಿಸಿ, ಒಡೆದ ಆರೋಗ್ಯದಲ್ಲಿಯೇ ಊರೂರು ಅಲೆದು ಬೇಡಿದರು. 1853ರ ಫೆಬ್ರವರಿಯಲ್ಲಿ ಲಿಯೋನ್ ನಗರದ ಬಡವರ ಪಟ್ಟಿಯಲ್ಲಿ ಅವರ ಹೆಸರು ದಾಖಲಾಯಿತು.

ಈ ಸಂಕಟದಲ್ಲಿ ಅವರು ವಿಶ್ವಾಸ ಪ್ರಸಾರ ಸಂಘದ ನೆರವನ್ನು ಕೋರಿದರು. ತಾವು ಬಿತ್ತಿದ ಬೀಜದಿಂದ ಬೆಳೆದ ಮರದ ನೆರಳನ್ನಷ್ಟೇ ಅವರು ಕೇಳಿದುದು. ಸಂಘದ ಆಡಳಿತಗಾರರು ನಿರಾಕರಿಸಿದರು. ಮಿಷನ್‌ಗಳಿಗೆಂದು ಕೂಡಿದ ಹಣವನ್ನು ಬೇರೆ ಕೆಲಸಕ್ಕೆ ಕೊಡಲಾಗದೆಂಬ ಅವರ ನಿಲುವಿನಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾಗದು. ಜನರ ಕಾಣಿಕೆಯನ್ನು ಕಾಯುವವನು ಕಟ್ಟುನಿಟ್ಟಾಗಿಯೇ ಇರಬೇಕು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಈಕೆ ಸಂಘದ ಸ್ಥಾಪಕಿಯೇ ಅಲ್ಲವೆಂದು ವಾದಿಸಿದರು. ಹಣದ ನಷ್ಟಕ್ಕಿಂತ ಈ ಮಾತು ಅವರನ್ನು ಹೆಚ್ಚು ನೋಯಿಸಿರಬೇಕು. 1856ರಲ್ಲಿ ರೋಮಿಗೆ ಹೋದಾಗ ಜಗದ್ಗುರು 9ನೇ ಪಿಯುಸ್ ಅವರು ಕರುಣೆಯಿಂದ ಬರಮಾಡಿಕೊಂಡರು. ಊರಿನಲ್ಲಿ ಮಾತ್ರ ಬಾಗಿಲುಗಳು ತೆರೆಯಲಿಲ್ಲ.

ಆ ದಿನಗಳಲ್ಲಿ ಅವರ ಕೈಬಿಡದವರಲ್ಲಿ ಒಬ್ಬರು ಆರ್ಸ್ ಗ್ರಾಮದ ವಿಚಾರಣಾ ಗುರು ಸಂತ ಜಾನ್ ಮರಿ ವಿಯಾನ್ನಿ. ಅತಿ ಭಾರವಾದ ಶಿಲುಬೆಯನ್ನು ಅತಿ ಹೆಚ್ಚಿನ ಪ್ರೀತಿಯಿಂದ ಹೊರುವ ಒಬ್ಬರನ್ನು ತಾವು ಬಲ್ಲೆವೆಂದೂ, ಆಕೆ ಪೌಲಿನ್ ಜಾರಿಕೊ ಎಂದೂ ಅವರು ಪ್ರಬೋಧನಾ ಪೀಠದಿಂದಲೇ ಸಾರಿದರೆಂದು ಆಕೆಯ ಚರಿತ್ರಕಾರರು ತಿಳಿಸುತ್ತಾರೆ.

1862ರ ಜನವರಿ 9ರಂದು ಪೌಲಿನ್ ಅವರು ಲೊರೆತೊ ಮನೆಯಲ್ಲಿ ಕಣ್ಣುಮುಚ್ಚಿದರು. ಸಾಲವೆಲ್ಲ ತೀರಿರಲಿಲ್ಲ. ತಮಗೆ ಕೇಡು ಬಗೆದವರನ್ನು ಅವರು ಕ್ಷಮಿಸಿದ್ದರು.

ಧರ್ಮಸಭೆಯ ಮನ್ನಣೆ

ಸತ್ಯ ತಡವಾಗಿ ಬೆಳಕಿಗೆ ಬಂದಿತು. 1881ರಲ್ಲಿ ಜಗದ್ಗುರು 13ನೇ ಲಿಯೋ ಅವರು ಸಂಘದ ಮೂಲ ಯೋಜನೆ ಪೌಲಿನ್ ಅವರದೆಂದು ಪತ್ರಮುಖೇನ ಮಾನ್ಯ ಮಾಡಿದರು. 1922ರ ಮೇ 3ರಂದು, ಸಂಘ ಹುಟ್ಟಿ ಸರಿಯಾಗಿ ನೂರು ವರ್ಷ ತುಂಬಿದ ದಿನ, ಜಗದ್ಗುರು 11ನೇ ಪಿಯುಸ್ ಅವರು ಅದನ್ನು ಪೋಪರ ನೇರ ಆಶ್ರಯದ ಸಂಸ್ಥೆಯನ್ನಾಗಿ ಮಾಡಿ ಕೇಂದ್ರವನ್ನು ರೋಮಿಗೆ ವರ್ಗಾಯಿಸಿದರು. ಪವಿತ್ರ ಬಾಲ್ಯ ಸಂಘಕ್ಕೂ ಅದೇ ಸ್ಥಾನ ದೊರೆಯಿತು. ಮಿಷನ್ ಭಾನುವಾರವನ್ನು 1926ರಲ್ಲಿ ಗೊತ್ತುಪಡಿಸಿದವರೂ ಅವರೇ. 1963ರಲ್ಲಿ ಜಗದ್ಗುರು 23ನೇ ಜಾನ್ ಅವರು ಪೌಲಿನ್ ಅವರ ಸದ್ಗುಣಗಳು ವೀರೋಚಿತವೆಂದು ಘೋಷಿಸಿದರು. ಅವರ ಮಧ್ಯಸ್ಥಿಕೆಯಿಂದ ಲಿಯೋನಿನ ಪುಟ್ಟ ಹುಡುಗಿಯೊಬ್ಬಳು ಸಾವಿನ ದವಡೆಯಿಂದ ಪಾರಾದುದನ್ನು ಪವಾಡವೆಂದು 2020ರಲ್ಲಿ ಧರ್ಮಸಭೆ ಒಪ್ಪಿತು. 2022ರ ಮೇ 22ರಂದು ಲಿಯೋನಿನಲ್ಲಿ ಕಾರ್ಡಿನಲ್ ಲೂಯಿಸ್ ಅಂತೋನಿಯೊ ಟಾಗ್ಲೆ ಅವರ ನೇತೃತ್ವದ ಬಲಿಪೂಜೆಯಲ್ಲಿ ಅವರನ್ನು ಧನ್ಯರ ಶ್ರೇಣಿಗೆ ಏರಿಸಲಾಯಿತು. ಆಡಂಬರವನ್ನು ತೊರೆಯುವ ನಿರ್ಧಾರ ಮೂಡಿದ ಆ ಸಂತ ನಿಜಿಯೆ ದೇವಾಲಯದಲ್ಲಿಯೇ ಅವರ ಪಾರ್ಥಿವ ಅವಶೇಷಗಳು ವಿಶ್ರಮಿಸುತ್ತಿವೆ.

ದೂರದೇಶದ ಬಡವರಿಗೆ ಕೊಡುವುದು ಒಂದು ಬಗೆಯಲ್ಲಿ ಸುಲಭ. ಅವರ ಮುಖ ನಮಗೆ ಕಾಣದು, ಅವರು ನಮ್ಮನ್ನು ಪ್ರಶ್ನಿಸುವುದೂ ಇಲ್ಲ. ಪಕ್ಕದ ಮನೆಯ ಬಡವನಾದರೋ ನಮ್ಮ ಸಮಯವನ್ನು ಕೇಳುತ್ತಾನೆ, ತಾಳ್ಮೆಯನ್ನು ಕೇಳುತ್ತಾನೆ, ಒಮ್ಮೊಮ್ಮೆ ನ್ಯಾಯವನ್ನೂ ಕೇಳುತ್ತಾನೆ. ಲಿಯೋನಿನ ಆಡಳಿತಗಾರರು ಕೆಟ್ಟವರಾಗಿರಲಿಲ್ಲ. ಸಾಗರದಾಚೆಯ ಅನಾಥರಿಗಾಗಿ ಅವರು ಕಾಸು ಕಾಸಿಗೂ ಲೆಕ್ಕವಿಟ್ಟರು. ಆದರೆ ತಮ್ಮ ಬಾಗಿಲಲ್ಲಿ ನಿಂತಿದ್ದ ಮುದುಕಿಯನ್ನು ಗುರುತಿಸಲಾರದೆ ಹೋದರು. ಇತ್ತ ಪೌಲಿನ್ ಅವರು ಚೀನಾದ ಶಿಶುವಿಗೂ ಲಿಯೋನಿನ ನೇಕಾರನಿಗೂ ನಡುವೆ ಭೇದವೆಣಿಸಲಿಲ್ಲ. ಒಬ್ಬರಿಗೆ ಕೊಟ್ಟೆವೆಂಬ ಕಾರಣಕ್ಕೆ ಇನ್ನೊಬ್ಬರ ಋಣ ತೀರಿತೆಂದು ಅವರು ತಿಳಿಯಲಿಲ್ಲ.

ನಮ್ಮ ಕುಟುಂಬಗಳಿಗೂ ಇದರಲ್ಲಿ ಒಂದು ಕೆಲಸವಿದೆ. ಮನೆಯಲ್ಲಿ ಮಕ್ಕಳಿಗಾಗಿ ಒಂದು ಹುಂಡಿಯಿರಲಿ. ವಾರಕ್ಕೊಮ್ಮೆ ಅದರಲ್ಲಿ ನಾಣ್ಯ ಹಾಕುವಾಗ, ಅದು ಯಾರಿಗಾಗಿ ಎಂಬುದನ್ನು ತಂದೆತಾಯಿಗಳು ತಿಳಿಸಿ ಹೇಳಲಿ. ಒಂದು ನಮೋ ಮರಿಯಾವನ್ನು ಕೂಡಿ ಜಪಿಸಲಿ. ಅದೇ ವಾರದಲ್ಲಿ ನಮ್ಮ ಬೀದಿಯ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ನಮ್ಮ ಬಳಿ ದುಡಿದ ಯಾರಿಗೆ ಕೂಲಿ ಸಂದಿಲ್ಲ ಎಂಬುದನ್ನೂ ವಿಚಾರಿಸಿ ನೋಡೋಣ.